ಚಿತ್ತಚಾಂಚಲ್ಯವು ದೋಷವೋ, ವ್ಯಾಧಿಯೋ?

೧

ಮನಸ್ಸನ್ನು ಒಂದೆಡೆಯಲ್ಲಿ ನಿಲ್ಲಿಸುವುದು ಕಷ್ಟವೆಂಬುದು ಈ ದೇಶದವರಿಗೆ ಹೊಸ ಸಂಗತಿಯಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನಂಥ ಧೀರನೇ ಈ ಕಷ್ಟವನ್ನು ತೋಡಿಕೊಂಡಿದ್ದಾನೆ. ಅಭ್ಯಾಸ, ವೈರಾಗ್ಯ ಎಂಬ ಎರಡು ಉಪಾಯಗಳು ಅವನಿಗೆ ಉತ್ತರವಾಗಿ ದೊರೆತಿವೆ. ಯೋಗಸೂತ್ರಗಳಿಗೆ ಭಾಷ್ಯವನ್ನು ಬರೆದ ವ್ಯಾಸನು ಚಿತ್ತಕ್ಕೆ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂದು ಐದು ಭೂಮಿಗಳನ್ನು ಎಣಿಸಿದ್ದಾನೆ. ಕನ್ನಡ ನಾಡಿನಲ್ಲಿ ಅಷ್ಟಾವಧಾನ, ಶತಾವಧಾನಗಳನ್ನು ನಡೆಸುವ ಪಂಡಿತರಿಗೆ ಸಲ್ಲುವ ಗೌರವವೂ ಅವಧಾನವು ಎಷ್ಟು ದುರ್ಲಭವಾದ ಶಕ್ತಿಯೆಂಬುದಕ್ಕೆ ಸಾಕ್ಷಿಯಾಗಿದೆ. ಆದರೆ ಈ ವಿಚಾರವೆಲ್ಲವೂ ಪ್ರೌಢನಾದ ಸಾಧಕನನ್ನು ಕುರಿತದ್ದು. ತಾನಾಗಿ ಬಯಸಿ ಮನಸ್ಸನ್ನು ಗೆಲ್ಲಹೊರಟವನು ಸೋತರೆ ಅದು ಅವನ ಸಾಧನೆಗೆ ಸಂಬಂಧಿಸಿದ ಮಾತು. ಏನನ್ನೂ ಗೆಲ್ಲಹೊರಡದೆ, ಎಲ್ಲರಂತೆ ಶಾಲೆಗೆ ಹೋಗಿಬರಬೇಕೆಂದಿರುವ ಎಂಟು ವರ್ಷದ ಹುಡುಗನ ಮನಸ್ಸು ನಿಲ್ಲದೆ ಹೋದರೆ ಅದನ್ನು ಏನೆಂದು ಕರೆಯತಕ್ಕದ್ದು?

ಇಂಥ ಹುಡುಗನು ಅನೇಕ ಮನೆಗಳಲ್ಲಿ ಉಂಟು. ಸಂಜೆ ದೀಪ ಹಚ್ಚಿದ ಮೇಲೆ ತಂದೆಯು ಅವನನ್ನು ಹತ್ತಿರ ಕೂಡಿಸಿಕೊಂಡು ಹತ್ತು ಲೆಕ್ಕಗಳನ್ನು ಕೊಡುತ್ತಾನೆ. ಮೊದಲನೆಯದನ್ನು ಹುಡುಗನು ಚುರುಕಾಗಿ ಬಿಡಿಸುತ್ತಾನೆ. ಎರಡನೆಯದರಲ್ಲಿ ಕೂಡಿಸುವ ಬದಲು ಕಳೆಯುತ್ತಾನೆ. ಮೂರನೆಯದನ್ನು ಅರ್ಧಕ್ಕೆ ಬಿಟ್ಟು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾನೆ; ನೀರು ಕುಡಿಯಲು ಏಳುತ್ತಾನೆ. “ಲಕ್ಷ್ಯ ಎಲ್ಲಿದೆಯೋ?” ಎಂದು ತಂದೆಯು ಗದರಿಸಿದರೆ “ಇಲ್ಲೇ ಇದೆ, ಅಪ್ಪಾ” ಎನ್ನುತ್ತಾನೆ, ಹಾಗೆನ್ನುವಾಗ ಅವನು ಸುಳ್ಳು ಹೇಳುತ್ತಿರುವುದಿಲ್ಲ. ಬುದ್ಧಿಯಿಲ್ಲವೆನ್ನಲು ಬಾರದು, ಮೊದಲನೆಯ ಲೆಕ್ಕವೇ ಬುದ್ಧಿಗೆ ಪ್ರಮಾಣ. ಆದುದರಿಂದ ಮನೆಯವರು ಉಳಿದ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಬುದ್ಧಿಯುಂಟು, ಮನಸ್ಸಿಲ್ಲ, ಹುಡುಗನು ಸೋಮಾರಿ. ಶಾಲೆಯ ಮಾಸ್ತರರೂ ಅದನ್ನೇ ಬರೆದು ಕಳಿಸುತ್ತಾರೆ.

ಈ ತೀರ್ಪು ನಿಜವಾಗಿದ್ದರೆ ಶಿಕ್ಷೆಯು ಯುಕ್ತವಾದೀತು. ಸುಳ್ಳಾಗಿದ್ದರೆ, ಮಗುವು ತನ್ನ ಕೈಯಲ್ಲಿಲ್ಲದ ಸಂಗತಿಗಾಗಿ ದಿನಾಲು ದಂಡ ತೆತ್ತಂತಾಯಿತು. ಅಲ್ಲದೆ, ಹತ್ತು ವರ್ಷ ಒಂದೇ ಮಾತನ್ನು ಕೇಳಿದ ಮಗುವು ಕೊನೆಗೆ ಅದನ್ನು ನಂಬುತ್ತದೆ. ಆದುದರಿಂದ ಈ ಪ್ರಶ್ನೆಯು ವೈದ್ಯರಿಗೆ ಮಾತ್ರ ಬಿಡತಕ್ಕದ್ದಲ್ಲ, ನೀತಿವಿಚಾರಕ್ಕೂ ಸೇರಿದ್ದು.

೨

ವೈದ್ಯರು ಈ ಸ್ಥಿತಿಯನ್ನು ಗುರುತಿಸಿದ ಬಗೆಯು ಬೋಧಪ್ರದವಾಗಿದೆ. ಜರ್ಮನಿಯ ಮೆಲ್ಕಿಯೊರ್ ಆಡಂ ವೈಕಾರ್ಡ್ ಎಂಬ ವೈದ್ಯನು ೧೭೭೫ರಲ್ಲಿಯೇ ಅವಧಾನದ ಕೊರತೆಯನ್ನು ಕುರಿತು ಬರೆದನು. ೧೭೯೮ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಎಂಬವನು, ಇದು ಕೆಲವರಿಗೆ ಹುಟ್ಟಿನಿಂದಲೇ ಬರಬಹುದೆಂದೂ ಶಿಕ್ಷಣಕ್ಕೆ ಅಡ್ಡಿಯಾಗುವುದೆಂದೂ ಹೇಳಿದನು. ೧೯೦೨ರಲ್ಲಿ ಲಂಡನ್ನಿನ ರಾಜವೈದ್ಯ ವಿದ್ಯಾಪೀಠದಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಮೂರು ಉಪನ್ಯಾಸಗಳನ್ನು ಕೊಟ್ಟನು. ಬುದ್ಧಿಯಲ್ಲಿ ಕುಂದಿಲ್ಲದೆಯೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ಅವನು ವರ್ಣಿಸಿದನು; ಇದು ಸಾಕಣೆಯ ದೋಷವೆಂದಷ್ಟೇ ಹೇಳಲಾಗದೆಂದು ಕಂಡನು. ಆದರೂ ಅವನು ಅದಕ್ಕೆ ಕೊಟ್ಟ ಹೆಸರು ‘ನೈತಿಕ ಸಂಯಮದ ಲೋಪ’ ಎಂಬರ್ಥದ್ದು. ದೇಹದಲ್ಲಿ ಕಾರಣವನ್ನು ಹುಡುಕಹೊರಟ ವೈದ್ಯನ ಬಾಯಲ್ಲಿಯೂ ನೀತಿಯ ಮಾತೇ ಬಂದಿತು.

ಔಷಧವು ದೊರೆತದ್ದು ಆಕಸ್ಮಿಕವಾಗಿ. ಅಮೇರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ೧೯೩೭ರಲ್ಲಿ ೩೦ ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟನು. ಒಂದು ಪರೀಕ್ಷೆಯ ತರುವಾಯ ಮಕ್ಕಳಿಗೆ ಬರುತ್ತಿದ್ದ ತಲೆನೋವಿಗೆ ಮದ್ದನ್ನು ಹುಡುಕುತ್ತಿದ್ದಾಗ ನಡೆದದ್ದಿದು. ತಲೆನೋವಿಗೆ ಹೆಚ್ಚಿನ ಪ್ರಯೋಜನವಾಗಲಿಲ್ಲ. ಆದರೆ ೧೪ ಮಕ್ಕಳ ಶಾಲೆಯ ಕೆಲಸವು ಕಂಡವರು ಬೆರಗಾಗುವಂತೆ ಸುಧಾರಿಸಿತು. ೧೯೪೪ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮಿಥೈಲ್‌ಫೆನಿಡೇಟ್ ಎಂಬ ಇನ್ನೊಂದು ಮದ್ದು ಸಿದ್ಧವಾಯಿತು. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು ಅದೇ.

ಹೆಸರೂ ಬದಲಾಗುತ್ತ ಬಂದಿತು. ಅಮೇರಿಕದ ಮನೋವೈದ್ಯರ ಸಂಘವು ೧೯೬೮ರಲ್ಲಿ ಚಲನೆಯ ಅತಿರೇಕವನ್ನೇ ಲಕ್ಷಣವಾಗಿ ಹಿಡಿದಿತ್ತು, ೧೯೮೦ರಲ್ಲಿ ಅವಧಾನದ ಕೊರತೆಯನ್ನು ಮುಂದಿಟ್ಟು, ಚಲನೆಯ ಅತಿರೇಕವಿಲ್ಲದೆಯೂ ಅದು ಇರಬಹುದೆಂದು ಒಪ್ಪಿತು, ೧೯೮೭ರಿಂದ ಎ.ಡಿ.ಎಚ್.ಡಿ. ಎಂಬ ಹೆಸರು ನಿಂತಿದೆ. ೧೯೮೦ರ ಈ ತಿದ್ದುಪಡಿಯು ಸಣ್ಣದಲ್ಲ. ಗದ್ದಲ ಮಾಡುವ ಹುಡುಗನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತು, ಕಿಟಕಿಯಾಚೆಗೆ ಮನಸ್ಸನ್ನು ಕಳೆದುಕೊಂಡ ಹುಡುಗಿಯು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೆ ಬೈಗಳೂ ಇಲ್ಲ, ಸಹಾಯವೂ ಇಲ್ಲ.

೩

ಇದು ವ್ಯಾಧಿಯೆಂಬ ಮತಕ್ಕೆ ಮೂರು ಆಕ್ಷೇಪಗಳುಂಟು. ಮೂರೂ ವಿಚಾರಕ್ಕೆ ಅರ್ಹವಾದುವು.

ಮೊದಲನೆಯ ಆಕ್ಷೇಪವು ತಂದೆತಾಯಿಗಳದು: “ಲೆಕ್ಕದ ಮುಂದೆ ಐದು ನಿಮಿಷ ಕೂಡಲಾರದವನು ಗಾಳಿಪಟವನ್ನು ಕಟ್ಟುತ್ತ ಎರಡು ತಾಸು ಕೂಡುತ್ತಾನಲ್ಲ! ಶಕ್ತಿಯಿಲ್ಲದವನಿಗೆ ಅಲ್ಲಿ ಎಲ್ಲಿಂದ ಬಂದಿತು?” ಇದಕ್ಕೆ ಉತ್ತರವೇನೆಂದರೆ, ಅವಧಾನವು ಎರಡು ಬಗೆಯಾಗಿ ಹುಟ್ಟುತ್ತದೆ. ವಸ್ತುವು ತಾನೇ ಮನಸ್ಸನ್ನು ಎಳೆದುಕೊಳ್ಳುವುದು ಒಂದು. ಎಳೆಯದ ವಸ್ತುವಿನ ಮೇಲೆ ಮನಸ್ಸನ್ನು ತಾನಾಗಿ ಹಿಡಿದು ನಿಲ್ಲಿಸುವುದು ಇನ್ನೊಂದು. ಈ ಮಕ್ಕಳಲ್ಲಿ ಕುಂದಿರುವುದು ಎರಡನೆಯದು. ಗಾಳಿಪಟವು ಹುಡುಗನನ್ನು ಹಿಡಿದಿದೆ. ಲೆಕ್ಕವನ್ನು ಅವನೇ ಹಿಡಿಯಬೇಕು. ಆದುದರಿಂದ ಗಾಳಿಪಟದ ನಿದರ್ಶನವು ಅವನ ಸೋಮಾರಿತನವನ್ನು ಸಾಧಿಸುವುದಿಲ್ಲ.

ಎರಡನೆಯ ಆಕ್ಷೇಪವು ಹೀಗೆ: “ಚಂಚಲತೆಯು ಎಲ್ಲರಲ್ಲಿಯೂ ಉಂಟು, ಹೆಚ್ಚುಕಡಮೆಗೆ ವ್ಯಾಧಿಯೆಂಬ ಹೆಸರೇಕೆ? ಮದ್ದಿನಿಂದ ಗುಣ ಕಂಡಿತೆಂಬುದೂ ಪ್ರಮಾಣವಲ್ಲ.” ಇದರ ಉತ್ತರಾರ್ಧವು ಸತ್ಯವೇ. ೧೯೭೮ರಲ್ಲಿ ಜುಡಿತ್ ರಾಪಪೋರ್ಟ್ ಮತ್ತು ಸಂಗಡಿಗರು ಆರೋಗ್ಯವಂತ ಬಾಲಕರಿಗೆ ಇದೇ ಜಾತಿಯ ಉತ್ತೇಜಕವನ್ನು ಕೊಟ್ಟಾಗ ಅವರ ಅವಧಾನವೂ ಹೆಚ್ಚಿತು. ಮದ್ದು ಫಲಿಸಿದೊಡನೆ ರೋಗವು ಸಿದ್ಧವಾಯಿತೆಂದು ವಾದಿಸತಕ್ಕದ್ದಲ್ಲ. ಆದರೆ ಹೆಚ್ಚುಕಡಮೆಯ ವಿಷಯವೆಂಬ ಮಾತ್ರಕ್ಕೆ ವ್ಯಾಧಿಯಲ್ಲವೆಂದೂ ಆಗದು. ರಕ್ತದ ಒತ್ತಡವೂ ಎಲ್ಲರಲ್ಲಿ ಉಂಟು, ಮಿತಿಯನ್ನು ಮೀರಿದಲ್ಲಿ ಅದು ಚಿಕಿತ್ಸೆಗೆ ವಿಷಯವಾಗುತ್ತದೆ. ಇಲ್ಲಿ ದೇಹದ ಪಾತ್ರಕ್ಕೆ ಬೇರೆ ಪ್ರಮಾಣಗಳಿವೆ. ಅವಳಿ ಮಕ್ಕಳನ್ನು ಪರೀಕ್ಷಿಸಿದವರು, ಜನರೊಳಗಿನ ಈ ವ್ಯತ್ಯಾಸದಲ್ಲಿ ಸುಮಾರು ನೂರಕ್ಕೆ ೭೦ರಿಂದ ೮೦ರಷ್ಟು ಅನುವಂಶಿಕವೆಂದು ಕಂಡಿದ್ದಾರೆ. ೨೦೦೭ರಲ್ಲಿ ಪ್ರಕಟವಾದ ಒಂದು ಶೋಧದಲ್ಲಿ, ಮಿದುಳಿನ ಹೊರಪದರವು ತನ್ನ ಗರಿಷ್ಠ ದಪ್ಪವನ್ನು ಮುಟ್ಟುವ ಮಧ್ಯಮ ವಯಸ್ಸು ಇತರ ಮಕ್ಕಳಲ್ಲಿ ಏಳೂವರೆ ವರ್ಷ, ಈ ಮಕ್ಕಳಲ್ಲಿ ಹತ್ತೂವರೆ ವರ್ಷ ಎಂದು ತಿಳಿದುಬಂದಿತು. ಮೂರು ವರ್ಷ ತಡವಾಗಿ ಮಾಗುವ ಕಾಯನ್ನು ‘ನೀನೇಕೆ ಇನ್ನೂ ಹಣ್ಣಾಗಲಿಲ್ಲ’ ಎಂದು ಗದರಿಸುವವರಿಲ್ಲ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಬಲವಾದದ್ದು: “ರೋಗವಿರುವುದು ಮಗುವಿನಲ್ಲಲ್ಲ, ಐವತ್ತು ಮಕ್ಕಳನ್ನು ದಿನವೆಲ್ಲ ಬೆಂಚಿನ ಮೇಲೆ ಅಲುಗದಂತೆ ಕೂಡಿಸುವ ಶಾಲೆಯಲ್ಲಿ.” ಇದರಲ್ಲಿ ಸತ್ಯಾಂಶವುಂಟು. ಅನೇಕ ದೇಶಗಳಲ್ಲಿ, ಒಂದು ತರಗತಿಯಲ್ಲಿ ವಯಸ್ಸಿನಿಂದ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳಿಗೆ ಈ ರೋಗದ ಹೆಸರು ಹೆಚ್ಚಾಗಿ ಬೀಳುವುದು ಕಂಡುಬಂದಿದೆ. ಎಳೆತನವನ್ನೇ ರೋಗವೆಂದು ಭ್ರಮಿಸಿದ ಪ್ರಮಾದವಿದು. ಇದಕ್ಕಾಗಿಯೇ ವೈದ್ಯಶಾಸ್ತ್ರವು ಕಟ್ಟುನಿಟ್ಟುಗಳನ್ನು ವಿಧಿಸಿದೆ: ಲಕ್ಷಣಗಳು ೧೨ನೆಯ ವರ್ಷಕ್ಕೆ ಮುಂಚೆ ತೋರಿರಬೇಕು, ಆರು ತಿಂಗಳಾದರೂ ನಿಂತಿರಬೇಕು, ಮನೆ, ಶಾಲೆ ಮುಂತಾಗಿ ಎರಡು ಕಡೆಗಳಲ್ಲಾದರೂ ಕಾಣಬೇಕು, ಬಾಳಿಗೆ ಅಡ್ಡಿಯಾಗಿರಬೇಕು. ಕಣ್ಣು, ಕಿವಿ, ನಿದ್ರೆ, ಭಯ, ದುಃಖ ಇವುಗಳಿಂದಲೂ ಮಗುವಿನ ಲಕ್ಷ್ಯ ಕೆಡಬಹುದಾದುದರಿಂದ ಅವನ್ನು ಮೊದಲು ವಿಚಾರಿಸತಕ್ಕದ್ದು. ಶಾಲೆಯಲ್ಲಿ ಮಾತ್ರ ಕಾಣುವ ಚಾಂಚಲ್ಯಕ್ಕೆ ಶಾಲೆಯನ್ನೇ ಪರೀಕ್ಷಿಸುವುದು ಯುಕ್ತ. ಊಟದಲ್ಲಿ, ಆಟದಲ್ಲಿ, ಮಾತಿನಲ್ಲಿ, ಎಲ್ಲೆಡೆಯೂ ಬೆನ್ನುಹತ್ತುವ ಚಾಂಚಲ್ಯಕ್ಕೆ ಶಾಲೆಯೊಂದೇ ಕಾರಣವಾಗಲಾರದು.

೪

ಚಿಕಿತ್ಸೆಯ ವಿಷಯದಲ್ಲಿ ಅತಿಯಾದ ಆಶೆಯೂ ಅತಿಯಾದ ಭಯವೂ ಸಲ್ಲವು. ೧೯೯೯ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ದೊಡ್ಡದೊಂದು ಪ್ರಯೋಗದಲ್ಲಿ ೫೭೯ ಮಕ್ಕಳನ್ನು ೧೪ ತಿಂಗಳು ನಾಲ್ಕು ಪಂಗಡಗಳಲ್ಲಿ ನೋಡಿಕೊಳ್ಳಲಾಯಿತು. ಮುಖ್ಯ ಲಕ್ಷಣಗಳ ಮಟ್ಟಿಗೆ, ಎಚ್ಚರಿಕೆಯಿಂದ ಕೊಟ್ಟ ಔಷಧವು ಬರಿಯ ನಡತೆಯ ಶಿಕ್ಷಣಕ್ಕಿಂತ ಹೆಚ್ಚು ಫಲ ಕೊಟ್ಟಿತು. ಎರಡನ್ನೂ ಕೂಡಿಸಿದಲ್ಲಿ ಔಷಧದ ಪ್ರಮಾಣವು ಕಡಮೆ ಸಾಕಾಯಿತು. ಆದರೆ ಮೂರು ವರ್ಷಗಳಾಗುವಷ್ಟರಲ್ಲಿ ಪಂಗಡಗಳ ನಡುವಿನ ಅಂತರವು ಅಳಿದುಹೋಗಿತ್ತು. ಮದ್ದು ಹಸಿವನ್ನೂ ನಿದ್ರೆಯನ್ನೂ ತಗ್ಗಿಸಬಹುದು. ಎತ್ತರದ ಬೆಳವಣಿಗೆಯನ್ನು ಕೆಲಮಟ್ಟಿಗೆ ತಡೆಯಬಹುದು. ಭಾರತದಲ್ಲಿ ಮಿಥೈಲ್‌ಫೆನಿಡೇಟ್ ೧೯೮೫ರ ಮಾದಕವಸ್ತುಗಳ ಶಾಸನದ ಕಟ್ಟಿಗೆ ಒಳಪಟ್ಟಿದೆ. ವೈದ್ಯರ ಕಣ್ಣಿನಡಿಯಲ್ಲಿಯೇ ಅದನ್ನು ಕೊಡತಕ್ಕದ್ದು. ಆರು ವರ್ಷದೊಳಗಿನ ಕೂಸುಗಳಿಗಂತೂ ಮೊದಲ ಚಿಕಿತ್ಸೆಯೆಂದರೆ ತಂದೆತಾಯಿಗಳಿಗೆ ಕೊಡುವ ಶಿಕ್ಷಣವೇ.

“ಮದ್ದಿನಿಂದ ಬಂದ ಸಂಯಮವು ಸಂಯಮವೇ?” ಎಂದು ಕೆಲವರು ಕೇಳುವರು. ಮದ್ದು ಯಾರಿಗೂ ಲೆಕ್ಕವನ್ನು ಕಲಿಸುವುದಿಲ್ಲ, ಸತ್ಯವನ್ನು ನುಡಿಸುವುದಿಲ್ಲ. ಅದು ಮನಸ್ಸು ನಿಲ್ಲಬಹುದಾದ ಕೆಲವು ತಾಸುಗಳನ್ನು ಒದಗಿಸಿಕೊಡುತ್ತದೆ. ಆ ತಾಸುಗಳಲ್ಲಿ ಅಭ್ಯಾಸವನ್ನು ಮಾಡತಕ್ಕವನು ಹುಡುಗನೇ. ಅಭ್ಯಾಸವೆಂಬ ಹಳೆಯ ಉಪಾಯವನ್ನು ಮದ್ದು ತೆಗೆದುಹಾಕಲಿಲ್ಲ. ಅದಕ್ಕೆ ಆಸ್ಪದವನ್ನು ಮಾಡಿಕೊಟ್ಟಿತು.

೫

ಬೆಳೆದಂತೆ ಈ ಸ್ಥಿತಿಯು ತಾನಾಗಿ ಹೋಗುವುದೆಂದು ಬಹುಕಾಲ ನಂಬಲಾಗಿತ್ತು. ಹಾಗಲ್ಲವೆಂದು ೧೯೭೦ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಮೊದಲಾದವರು ತೋರಿಸಿದರು. ಅನೇಕರಲ್ಲಿ ಓಡಾಟವು ಅಡಗಿದರೂ ಮರೆವು, ಆತುರ, ಹಿಡಿದ ಕೆಲಸವನ್ನು ಮುಗಿಸದಿರುವುದು ಉಳಿಯುತ್ತವೆ. ಮಕ್ಕಳಲ್ಲಿ ನೂರಕ್ಕೆ ಸುಮಾರು ಐದು ಮಂದಿಗೂ ದೊಡ್ಡವರಲ್ಲಿ ಎರಡೂವರೆ ಮಂದಿಗೂ ಇದು ಇದೆಯೆಂದು ಲೆಕ್ಕ ಹಾಕಿದ್ದಾರೆ. ನಲವತ್ತನೆಯ ವರ್ಷದಲ್ಲಿ ಇದರ ಹೆಸರನ್ನು ಮೊದಲು ಕೇಳಿದ ಗೃಹಸ್ಥನಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಕಳೆದುಹೋದ ವರ್ಷಗಳ ದುಃಖ. ಆಗಲೇ ಒಂದು ಹೊಸ ಅಪಾಯವೂ ತಲೆದೋರುತ್ತದೆ: “ಇದು ನನ್ನ ತಪ್ಪಲ್ಲ, ರೋಗದ ತಪ್ಪು” ಎಂದು ಕೊಟ್ಟ ಮಾತನ್ನು ಮರೆತದ್ದಕ್ಕೂ, ಹೆಂಡತಿಯ ಮೇಲೆ ಸಿಡುಕಿದ್ದಕ್ಕೂ ರೋಗವನ್ನೇ ಮುಂದೊಡ್ಡುವುದು.

ಇಲ್ಲಿ ನಿಂದೆ, ಹೊಣೆ ಎಂಬ ಎರಡನ್ನು ಬೇರ್ಪಡಿಸುವುದು ಅವಶ್ಯ. ಕಾಲಿನ ಬಲ ಕಡಮೆಯಾದವನು ಮಂದಿಯ ಜೊತೆಗೆ ಜಾತ್ರೆಗೆ ಹೊರಟು ಹಿಂದೆ ಬಿದ್ದರೆ ಅವನನ್ನು ನಿಂದಿಸುವುದು ಅನ್ಯಾಯ. ಆದರೆ ತನ್ನ ನಡಗೆಯನ್ನು ತಾನು ಬಲ್ಲ ಮೇಲೆ ಒಂದು ತಾಸು ಮೊದಲು ಹೊರಡುವುದು ಅವನ ಹೊಣೆ. ಚಂಚಲಚಿತ್ತನ ನೀತಿಯೂ ಇದೇ. ಮರೆಯುವ ಸ್ವಭಾವಕ್ಕೆ ಅವನು ನಿಂದ್ಯನಲ್ಲ. ಮರೆಯುವೆನೆಂದು ಬಲ್ಲವನು ಬರೆದಿಟ್ಟುಕೊಳ್ಳದಿದ್ದರೆ, ಚಿಕಿತ್ಸೆಯು ಕೈಗೆಟಕುವಾಗಲೂ ಉದಾಸೀನನಾದರೆ, ಅದಕ್ಕೆ ಉತ್ತರ ಹೇಳತಕ್ಕವನು ಅವನೇ.

ಈ ಹೊಣೆಯು ಜ್ಞಾನದಿಂದ ಹುಟ್ಟುವಂಥದು. ಮಗುವಿಗೆ ತನ್ನ ಸ್ವಭಾವದ ಜ್ಞಾನವಿಲ್ಲ. ಅದನ್ನು ಮಗುವಿಗೆ ತಿಳಿಸಿಕೊಡಬೇಕಾದವರು ಹಿರಿಯರು. ಆದುದರಿಂದ ಅಲ್ಲಿಯವರೆಗೆ ಹೊಣೆಯೂ ಹಿರಿಯರದೇ. ಹತ್ತು ಲೆಕ್ಕಗಳನ್ನು ಒಮ್ಮೆಲೆ ಮುಂದಿಡದೆ ಎರಡೆರಡಾಗಿ ಕೊಡುವುದು, ನಡುವೆ ಎದ್ದು ಓಡಾಡಲು ಬಿಡುವುದು, ಮುಗಿಸಿದ ಕೂಡಲೆ ಮೆಚ್ಚುವುದು, ಹೇಳುವುದನ್ನು ಒಂದೊಂದೇ ಮಾತಾಗಿ ಹೇಳುವುದು, ಇವು ಯಾವ ಬಡ ಮನೆಗೂ ಎಟಕದ ಉಪಾಯಗಳಲ್ಲ. “ಲಕ್ಷ್ಯ ಎಲ್ಲಿದೆಯೋ?” ಎಂದು ಗದರಿಸುತ್ತಿದ್ದ ತಂದೆಯು ಅದನ್ನೇ ನಿಜವಾದ ಪ್ರಶ್ನೆಯಾಗಿ, ಉತ್ತರವನ್ನು ತಿಳಿಯಬೇಕೆಂದು ಕೇಳತೊಡಗಿದರೆ, ಹುಡುಗನು ಹಲ್ಲಿಯನ್ನು ತೋರಿಸಬಹುದು. ಆಗ ಇಬ್ಬರೂ ಕ್ಷಣಹೊತ್ತು ಆ ಹಲ್ಲಿಯನ್ನು ನೋಡಿ, ಮತ್ತೆ ಮೂರನೆಯ ಲೆಕ್ಕಕ್ಕೆ ಮರಳಬಹುದು.