ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಕರೆಯುವ ಬಲ

ಮುಳಬಾಗಿಲಿನ ಆಂಜನೇಯಸ್ವಾಮಿಯನ್ನು ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಅರ್ಜುನನೇ ಪ್ರತಿಷ್ಠೆ ಮಾಡಿದನೆಂದು ಕೋಲಾರ ಸೀಮೆಯ ಜನ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ದೇವರಾಯಸಮುದ್ರದಂಥ ಸುತ್ತಣ ಊರುಗಳಿಂದ ಆ ಗುಡಿಗೆ ಹೋಗಿ ಕೈಮುಗಿಯುವವರಿಗೆ ಅರ್ಜುನನೆಂದರೆ ಬಾವುಟದಲ್ಲಿ ಹನುಮಂತನನ್ನು ಹೊತ್ತ ವೀರ, ಕೃಷ್ಣನ ಬಾಯಿಂದ ಗೀತೆ ಕೇಳಿದವನು. ಯುದ್ಧದ ಧರ್ಮಾಧರ್ಮದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಗೀತೆಯೇ ಮುಂದೆ ಬರುತ್ತದೆ. ಆದರೆ ಅದೇ ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅರ್ಜುನ ಇನ್ನೊಂದು ಪರೀಕ್ಷೆಗೆ ಗುರಿಯಾಗುತ್ತಾನೆ. ಅಣ್ವಸ್ತ್ರ ಹೊತ್ತು ಕಡಲೊಳಗೆ ವಾರಗಟ್ಟಲೆ ಮರೆಯಾಗಿರುವ ಜಲಾಂತರ್ಗಾಮಿಯನ್ನೂ ಅದರೊಳಗೆ ದುಡಿಯುವ ಮನುಷ್ಯರನ್ನೂ ಧರ್ಮದ ತಕ್ಕಡಿಯಲ್ಲಿಟ್ಟು ತೂಗಲು ಗೀತೆಗಿಂತ ಆ ಪರ್ವವೇ ಹೆಚ್ಚು ನೆರವಾಗುತ್ತದೆ ಎಂಬುದು ನನ್ನ ವಾದ.

ನಿದ್ದೆಯಲ್ಲಿದ್ದ ಪಾಂಡವರ ಪಾಳೆಯವನ್ನು ರಾತ್ರಿ ಕೊಚ್ಚಿಹಾಕಿದ ಅಶ್ವತ್ಥಾಮ, ಪಾಂಡವರು ಬೆನ್ನಟ್ಟಿ ಬಂದಾಗ ಒಂದು ಹುಲ್ಲುಕಡ್ಡಿಯಲ್ಲಿ ಬ್ರಹ್ಮಶಿರವೆಂಬ ಮಹಾಸ್ತ್ರವನ್ನು ಆವಾಹಿಸಿ ಬಿಡುತ್ತಾನೆ. ಕೃಷ್ಣನ ಮಾತಿನಂತೆ ಅರ್ಜುನನೂ ಅದೇ ಅಸ್ತ್ರವನ್ನು ಬಿಡುತ್ತಾನೆ. ಆದರೆ ಬಿಡುವ ಮೊದಲು ಎದುರಾಳಿಗೂ ಒಳಿತಾಗಲೆಂದು ಹಾರೈಸುತ್ತಾನೆ, ಅಸ್ತ್ರದಿಂದ ಅಸ್ತ್ರವಷ್ಟೇ ತಣಿಯಲಿ ಎಂದು ಸಂಕಲ್ಪ ಮಾಡುತ್ತಾನೆ. ಎರಡು ಬೆಂಕಿಗಳ ನಡುವೆ ವ್ಯಾಸರೂ ನಾರದರೂ ಬಂದು ನಿಂತು, ಹಿಂದಕ್ಕೆ ತೆಗೆದುಕೊಳ್ಳಿ ಎನ್ನುತ್ತಾರೆ. ಅರ್ಜುನ ತೆಗೆದುಕೊಳ್ಳುತ್ತಾನೆ. ಅಶ್ವತ್ಥಾಮನಿಗೆ ಆಗುವುದಿಲ್ಲ. ಬಿಡುವ ವಿದ್ಯೆ ಇಬ್ಬರಿಗೂ ದ್ರೋಣನಿಂದಲೇ ಬಂದದ್ದು, ಮನುಷ್ಯರ ಮೇಲೆ ಬಿಡಕೂಡದೆಂಬ ಕಟ್ಟಪ್ಪಣೆಯೂ ಅದರ ಜೊತೆಗೇ ಬಂದಿತ್ತು. ಹಿಂದೆಗೆಯುವ ಬಲ ಮಾತ್ರ ವ್ರತನಿಷ್ಠನಾಗಿ ಬಾಳಿದವನಿಗೆ ದಕ್ಕಿತ್ತು. ತಡೆಯಲಾರದ ಅಶ್ವತ್ಥಾಮ ಅದನ್ನು ಪಾಂಡವ ಸ್ತ್ರೀಯರ ಗರ್ಭಗಳ ಕಡೆಗೆ ತಿರುಗಿಸಿಬಿಡುತ್ತಾನೆ. ಪ್ರಾಚೀನ ಭಾರತದಲ್ಲಿ ಅಣುಬಾಂಬು ಇತ್ತೆಂದು ಹೇಳಲು ನಾನು ಈ ಕಥೆಯನ್ನು ಎತ್ತಿಕೊಂಡಿಲ್ಲ. ಆ ಬಗೆಯ ಮಾತು ವಿಜ್ಞಾನಕ್ಕೂ ಅಪಚಾರ, ಕಾವ್ಯಕ್ಕೂ ಅಪಚಾರ. ಅಂಥ ಬಲವನ್ನು ಧರಿಸಲು ಯಾರು ಅರ್ಹರು ಎಂಬ ಪ್ರಶ್ನೆಯನ್ನು ಈ ಕಥೆ ಎತ್ತುತ್ತದೆ. ಬಿಟ್ಟದ್ದನ್ನು ಹಿಂದಕ್ಕೆ ಕರೆಯಬಲ್ಲವನೇ ಅರ್ಹ ಎಂಬುದು ಅದರ ತೀರ್ಪು.

ಬಯಲುಸೀಮೆಯ ಓದುಗರಿಗೆ ಅಣು ಜಲಾಂತರ್ಗಾಮಿ ದೂರದ ಕಡಲಿನ ವಿಷಯವೆನ್ನಿಸಬಹುದು. ಹಾಗೇನಿಲ್ಲ. ನೌಕೆಯ ರಿಯಾಕ್ಟರಿಗೆ ಬೇಕಾದ ಯುರೇನಿಯಂ ಸಂವರ್ಧನೆ 1990ರ ದಶಕದಿಂದ ನಡೆದಿರುವುದು ಮೈಸೂರಿನ ಪಕ್ಕದ ರತ್ನಹಳ್ಳಿಯಲ್ಲಿ. 1974ರ ಪೋಖರಣ್ ಪ್ರಯೋಗದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ರಾಜಾ ರಾಮಣ್ಣ ತುಮಕೂರು ಸೀಮೆಯಲ್ಲಿ ಹುಟ್ಟಿದವರು. ನೌಕಾಪಡೆಯ ದೊಡ್ಡ ನೆಲೆಗಳಲ್ಲೊಂದು ನಮ್ಮ ಕಾರವಾರದಲ್ಲಿದೆ. 1988ರಿಂದ 1991ರವರೆಗೆ ಸೋವಿಯತ್ ಒಕ್ಕೂಟದಿಂದ ಗುತ್ತಿಗೆಗೆ ಪಡೆದ ಚಕ್ರ ಎಂಬ ಅಣು ಜಲಾಂತರ್ಗಾಮಿಯಲ್ಲಿ ನಮ್ಮ ನಾವಿಕರು ಈ ವಿದ್ಯೆಯನ್ನು ಕಲಿತರು. 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನಮ್ಮದೇ ಅಣು ಜಲಾಂತರ್ಗಾಮಿ ಅರಿಹಂತ್ ನೀರಿಗಿಳಿಯಿತು. 2013ರ ಆಗಸ್ಟಿನಲ್ಲಿ ಅದರ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ಶುರುವಾಯಿತು. 2018ರ ನವೆಂಬರಿನಲ್ಲಿ ಅದು ಮೊದಲ ಗಸ್ತು ಮುಗಿಸಿ ಬಂದುದನ್ನು ಪ್ರಧಾನಿ ಪ್ರಕಟಿಸಿದರು. ನಮ್ಮ ನೆಲದ, ನಮ್ಮ ತೆರಿಗೆಯ, ನಮ್ಮ ಮಕ್ಕಳ ಓದಿನ ಪಾಲು ಅದರೊಳಗಿದೆ. ಅದರ ಧರ್ಮಾಧರ್ಮದಲ್ಲಿ ನಮಗೆ ಪಾಲಿಲ್ಲವೆನ್ನಲು ಆಗುವುದಿಲ್ಲ.

ಈ ಹಡಗಿನೊಳಗೆ ಎರಡು ಅಣುಶಕ್ತಿಗಳಿವೆ, ಎರಡರ ಸ್ವಭಾವವೂ ಬೇರೆ. ಮೊದಲನೆಯದು ರಿಯಾಕ್ಟರ್. ಯುರೇನಿಯಂ ಒಡೆದು ಬರುವ ಶಾಖ ಒತ್ತಡದ ನೀರಿಗೆ ಸೇರಿ, ಆ ನೀರು ಇನ್ನೊಂದು ಸುತ್ತಿನ ನೀರನ್ನು ಹಬೆಯಾಗಿಸಿ, ಹಬೆ ಟರ್ಬೈನನ್ನು ತಿರುಗಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಇದನ್ನು ಕಟ್ಟಿದವರು ಮೊದಲು ಯೋಚಿಸಿದ್ದು ಓಡಿಸುವುದನ್ನಲ್ಲ, ನಿಲ್ಲಿಸುವುದನ್ನು ಎಂಬುದು ಅಷ್ಟಾಗಿ ಗೊತ್ತಿಲ್ಲ. ನ್ಯೂಟ್ರಾನುಗಳನ್ನು ಹೀರುವ ಲೋಹದ ಸರಳುಗಳನ್ನು ವಿದ್ಯುತ್ತಿನ ಬಲದಿಂದ ಮೇಲೆ ಹಿಡಿದಿಟ್ಟಿರುತ್ತಾರೆ. ವಿದ್ಯುತ್ ಹೋದರೆ, ಅಳತೆ ತಪ್ಪಿದರೆ, ಕಾವಲಿನಲ್ಲಿರುವವನಿಗೆ ಅನುಮಾನ ಬಂದರೆ, ಹಿಡಿತ ಸಡಿಲಿ ಅವು ಒಳಗಿಳಿಯುತ್ತವೆ, ಸರಪಳಿ ಕ್ರಿಯೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ನಿಲ್ಲುತ್ತದೆ. ಹಡಗು ಓರೆಯಾಗಿದ್ದರೂ ಇಳಿಯಬೇಕೆಂದು ತೂಕವನ್ನಷ್ಟೇ ನಂಬದೆ ಸ್ಪ್ರಿಂಗುಗಳನ್ನೂ ಇಡುತ್ತಾರೆ. ಏನೇ ಕೆಟ್ಟರೂ ಯಂತ್ರ ಸಂಯಮದ ಕಡೆಗೇ ವಾಲಬೇಕು ಎಂಬುದು ಇಲ್ಲಿಯ ನಿಯಮ. ಈ ವಿನ್ಯಾಸದಲ್ಲಿ ನನಗೆ ಒಂದು ಬಗೆಯ ವ್ರತನಿಷ್ಠೆ ಕಾಣುತ್ತದೆ.

ಆದರೆ ನಿಲ್ಲಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಕ್ರಿಯೆ ನಿಂತ ಗಳಿಗೆಯಲ್ಲೂ ಪೂರ್ಣ ಶಾಖದ ನೂರಕ್ಕೆ ಸುಮಾರು 6 ಪಾಲು ಉಳಿದ ವಿಕಿರಣದಿಂದ ಹುಟ್ಟುತ್ತಲೇ ಇರುತ್ತದೆ, ಅದನ್ನು ತಂಪು ಮಾಡುತ್ತಲೇ ಇರಬೇಕು. 1961ರ ಜುಲೈ 4ರಂದು ಉತ್ತರ ಅಟ್ಲಾಂಟಿಕ್‌ನಲ್ಲಿ ಸೋವಿಯತ್ ಜಲಾಂತರ್ಗಾಮಿ ಕೆ-19ರಲ್ಲಿ ತಂಪು ಮಾಡುವ ನೀರಿನ ಒತ್ತಡವೇ ಇಲ್ಲವಾಯಿತು. ಸರಳುಗಳು ಇಳಿದವು, ಕ್ರಿಯೆ ನಿಂತಿತು, ಶಾಖ ಏರುತ್ತಲೇ ಹೋಯಿತು. ಬದಲಿ ವ್ಯವಸ್ಥೆಯನ್ನು ಆ ಹಡಗಿಗೆ ಅಳವಡಿಸಿಯೇ ಇರಲಿಲ್ಲ. ಕ್ಯಾಪ್ಟನ್ ನಿಕೊಲಾಯ್ ಝತೇಯೆವ್ ಅವರ ಆಜ್ಞೆಯಂತೆ ಎಂಜಿನಿಯರುಗಳೂ ನಾವಿಕರೂ ವಿಕಿರಣಕ್ಕೆ ಏನೇನೂ ತಡೆಯಾಗದ ಉಡುಪಿನಲ್ಲಿ ರಿಯಾಕ್ಟರ್ ಕೋಣೆಗೆ ಸರದಿಯಂತೆ ಹೋಗಿ, ಕುಡಿಯುವ ನೀರನ್ನು ಅಲ್ಲಿಗೆ ಹಾಯಿಸುವ ಕೊಳವೆಯನ್ನು ಬೆಸೆದರು. ಶಾಖ ಇಳಿಯಿತು, ಹಡಗು ಉಳಿಯಿತು. ಒಳಗೆ ಹೋದವರಲ್ಲಿ ಎಂಟು ಮಂದಿ ಕೆಲವೇ ವಾರಗಳಲ್ಲಿ ಸತ್ತರು. ಅಶ್ವತ್ಥಾಮ ತಾನು ಹಿಂದೆಗೆಯಲಾರದ ಬೆಂಕಿಯನ್ನು ಇನ್ನೂ ಹುಟ್ಟದ ಕೂಸಿನ ಮೇಲೆ ತಿರುಗಿಸಿದ. ಈ ಎಂಟು ಮಂದಿ ಅಂಥದೇ ಬೆಂಕಿಯನ್ನು ತಮ್ಮ ಮೈಮೇಲೆ ತೆಗೆದುಕೊಂಡರು. ನಮ್ಮ ಪುರಾಣಗಳು ತಪಸ್ಸು ಎಂದು ಯಾವುದನ್ನು ಕೊಂಡಾಡುತ್ತವೆಯೋ ಅದಕ್ಕಿಂತ ಇದು ಕಡಿಮೆಯದೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯ ಶಕ್ತಿ ಕ್ಷಿಪಣಿಯ ತುದಿಯಲ್ಲಿ ಕೂತಿದೆ. ಅದಕ್ಕೆ ಇಳಿಯುವ ಸರಳುಗಳಿಲ್ಲ. ಕೊಳವೆಯಿಂದ ಹೊರಬಿದ್ದು ನೀರು ಸೀಳಿ ಮೇಲೆದ್ದ ಖಂಡಾಂತರ ಕ್ಷಿಪಣಿಯನ್ನು ಮರಳಿ ಕರೆಯುವ ಏರ್ಪಾಡನ್ನು ಅಣ್ವಸ್ತ್ರ ರಾಷ್ಟ್ರಗಳು ಇಟ್ಟಿಲ್ಲ. ಅಂಥ ದಾರಿ ಇಟ್ಟರೆ ಶತ್ರು ಅದನ್ನೇ ಹಿಡಿದು ಕ್ಷಿಪಣಿಯನ್ನು ಕೆಡಿಸಬಹುದೆಂಬ ಭಯ. ಇನ್ನು ಬ್ರಿಟನ್ನಿನ ಪದ್ಧತಿಯನ್ನು ನೋಡಿ. 1969ರಿಂದ ಆ ದೇಶದ ಒಂದಾದರೂ ಕ್ಷಿಪಣಿ ಜಲಾಂತರ್ಗಾಮಿ ಸದಾ ಗಸ್ತಿನಲ್ಲಿದೆ. ಅಧಿಕಾರಕ್ಕೆ ಬಂದ ಪ್ರಧಾನಿ ನಾಲ್ಕು ಹಡಗುಗಳಿಗೂ ಸ್ವಹಸ್ತದಿಂದ ಒಂದೊಂದು ಪತ್ರ ಬರೆದು ಕೊಡುತ್ತಾರೆ, ಅದು ತಿಜೋರಿಯಲ್ಲಿರುತ್ತದೆ. ದೇಶವೂ ಸರ್ಕಾರವೂ ನಾಶವಾದವೆಂದು ಖಚಿತವಾದ ಮೇಲೆ ಕಮಾಂಡರ್ ಅದನ್ನು ಒಡೆದು ಓದಬೇಕು. ಆಜ್ಞೆ ಕೊಟ್ಟವರೇ ಇಲ್ಲದ ಹೊತ್ತಿನಲ್ಲಿ ಆಜ್ಞೆ ಬಾಯಿ ತೆರೆಯುತ್ತದೆ. ಅದನ್ನು ಹಿಂದಕ್ಕೆ ಪಡೆಯಲು ಯಾವ ಬಾಯಿಯೂ ಉಳಿದಿರುವುದಿಲ್ಲ. ಹೊಡೆಯಬೇಡ ಎಂದು ಬರೆಯುವ ಸ್ವಾತಂತ್ರ್ಯವೂ ಪ್ರಧಾನಿಗೆ ಇದೆ ಎಂಬುದನ್ನು ಮರೆಯಬಾರದು. ಆದರೂ ಹಿಂದೆಗೆಯುವ ಬಲವನ್ನು ಇದಕ್ಕಿಂತ ಪೂರ್ತಿಯಾಗಿ ಕಳೆದುಕೊಂಡ ಏರ್ಪಾಡು ನನಗೆ ತಿಳಿಯದು.

ಒಂದೇ ಉಕ್ಕಿನ ಗೋಡೆಯೊಳಗೆ ಇವೆರಡೂ ಇರುವುದೇ ಅಲ್ಲಿ ದುಡಿಯುವವರ ಬಾಳನ್ನು ವಿಚಿತ್ರವಾಗಿಸುತ್ತದೆ. ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕ ಮಾಡಿಕೊಳ್ಳುತ್ತಾರೆ, ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ರಾಸಾಯನಿಕದಿಂದ ತೊಳೆಯುತ್ತಾರೆ. ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಮನೆಯಿಂದ ವಾರಕ್ಕೆ ಕೆಲವೇ ಸಾಲು ಸುದ್ದಿ ಬರುತ್ತದೆ, ಹಡಗಿನಿಂದ ಮರುಮಾತು ಹೋಗುವುದಿಲ್ಲ. ಮನೆಯಲ್ಲಿ ಸಾವಾದರೂ ಬ್ರಿಟನ್ನಿನ ಗಸ್ತು ಹಡಗುಗಳಲ್ಲಿ ಹಿಂದಿರುಗುವ ತನಕ ಸಾಮಾನ್ಯವಾಗಿ ತಿಳಿಸುವುದಿಲ್ಲ. ಇನ್ನೊಂದು ಕಡೆ ಅವರ ಮೈಯನ್ನು ಎಂಥ ಜೋಪಾನದಿಂದ ಕಾಯುತ್ತಾರೆಂದರೆ, ಎಲ್ಲವೂ ಸರಿಯಿದ್ದಾಗ ಅಣು ಜಲಾಂತರ್ಗಾಮಿಯ ನಾವಿಕನಿಗೆ ತಗಲುವ ವಿಕಿರಣ ನೆಲದ ಮೇಲಿನವರಿಗೆ ತಗಲುವುದಕ್ಕಿಂತ ಕಡಿಮೆಯಿರಬಲ್ಲದು. ರಿಯಾಕ್ಟರಿನ ಸುತ್ತಣ ಸೀಸದ ಗೋಡೆ ಅದರ ವಿಕಿರಣವನ್ನು ತಡೆದರೆ, ಮೇಲಿನ ಕಡಲು ವಿಶ್ವಕಿರಣಗಳನ್ನು ತಡೆಯುತ್ತದೆ. ಕೋಲಾರದವರಿಗೆ ಇದು ಹೊಸ ಮಾತಲ್ಲ. ಇದೇ ಕಾರಣಕ್ಕೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಬ್ರಿಟನ್ನಿನವರೊಡನೆ ಕೆಜಿಎಫ್ ಗಣಿಯಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, ಬಂಡೆಯ ಮರೆಯಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಹಿಡಿದರು. ಹಡಗಿನೊಳಗಿನ ನೂರು ಜೀವಗಳನ್ನು ಒಂದೊಂದು ಕಿರಣದಿಂದಲೂ ಕಾಪಾಡುವ ಬುದ್ಧಿಯೇ ಹೊರಗಿನ ಲಕ್ಷಾಂತರ ಜೀವಗಳನ್ನು ಅದೇ ಕಿರಣಗಳಿಗೆ ಒಡ್ಡಲು ಸಿದ್ಧವಾಗಿ ಕೂತಿದೆ. ಈ ಬಿರುಕನ್ನು ಕಂಡವರು ಒಳಗಿನವರಲ್ಲೇ ಇದ್ದರು. ಅಮೆರಿಕದ ಅಣು ನೌಕಾಪಡೆಯನ್ನು ಕಟ್ಟಿದ ಹೈಮನ್ ರಿಕೋವರ್ 1982ರ ಜನವರಿಯಲ್ಲಿ ಸಂಸತ್ತಿನ ಸಮಿತಿಯೊಂದರ ಮುಂದೆ, ಈ ಹಡಗುಗಳು ಅನಿವಾರ್ಯವಾದ ಕೇಡು, ಆಗುವುದಾದರೆ ಎಲ್ಲವನ್ನೂ ಮುಳುಗಿಸಿಬಿಡುತ್ತಿದ್ದೆ ಎಂಬರ್ಥದ ಮಾತಾಡಿದರು.

ಕ್ಷಿಪಣಿ ಹಾರಿಯೇ ಇಲ್ಲವಲ್ಲ, ಆಗದ ಹಿಂಸೆಗೆ ಪಾಪವೆಲ್ಲಿಂದ ಎಂದು ಕೇಳುವವರಿದ್ದಾರೆ. ಭಯವೇ ಶಾಂತಿಯನ್ನು ಕಾದಿದೆ ಎಂಬುದು ಅವರ ನಿಲುವು, ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಕನ್ನಡ ನಾಡಿನಲ್ಲಿ ಆಳವಾಗಿ ಬೇರೂರಿದ ಜೈನಧರ್ಮ ದ್ರವ್ಯಹಿಂಸೆಯ ಜೊತೆಗೆ ಭಾವಹಿಂಸೆಯನ್ನೂ ಹಿಂಸೆಯೆಂದೇ ಎಣಿಸುತ್ತದೆ. ಗೃಹಸ್ಥ ತನ್ನನ್ನೂ ತನ್ನವರನ್ನೂ ಕಾಯಲು ಮಾಡುವ ವಿರೋಧಿ ಹಿಂಸೆಯನ್ನು ಅದು ಒಂದು ಮಟ್ಟಿಗೆ ಸಹಿಸುತ್ತದೆ. ಯೋಚಿಸಿ ಗುರಿಯಿಟ್ಟು ಮಾಡುವ ಸಂಕಲ್ಪಿ ಹಿಂಸೆಯನ್ನು ಸಹಿಸುವುದಿಲ್ಲ. ಊರೊಂದರ ಮಕ್ಕಳು ಮುದುಕರನ್ನೆಲ್ಲ ಸುಡುವ ಲೆಕ್ಕವನ್ನು ಶಾಂತಿಕಾಲದಲ್ಲೇ ಹಾಕಿಟ್ಟುಕೊಂಡದ್ದು ಆತ್ಮರಕ್ಷಣೆಯ ಹೆಸರಿನದಾದರೂ ಸಂಕಲ್ಪವೇ ಸರಿ. ಹಾರಲಿಲ್ಲ ಎಂಬುದೂ ಯಾವಾಗಲೂ ಭಯದ ಫಲವಾಗಿರಲಿಲ್ಲ. 1962ರ ಅಕ್ಟೋಬರ್ 27ರಂದು ಕ್ಯೂಬಾದ ಬಳಿ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯನ್ನು ಮೇಲಕ್ಕೆಬ್ಬಿಸಲು ಅಮೆರಿಕದ ಹಡಗುಗಳು ಸ್ಫೋಟಕಗಳನ್ನು ಎಸೆಯುತ್ತಿದ್ದವು. ಅದು ಡೀಸೆಲ್ ಹಡಗು, ಆದರೆ ಅದರಲ್ಲೊಂದು ಅಣು ಟಾರ್ಪಿಡೊ ಇತ್ತು. ಒಳಗೆ ಸಹಿಸಲಾಗದ ಸೆಕೆ, ಕೆಟ್ಟ ಗಾಳಿ, ಮಾಸ್ಕೋದೊಡನೆ ಸಂಪರ್ಕವಿಲ್ಲ. ಅಲ್ಲಿದ್ದ ಅಧಿಕಾರಿಯೊಬ್ಬರ ನೆನಪಿನಂತೆ, ಯುದ್ಧವೇ ಶುರುವಾಗಿರಬೇಕೆಂದು ಕ್ಯಾಪ್ಟನ್ ಟಾರ್ಪಿಡೊ ಸಜ್ಜುಮಾಡಲು ಹೇಳಿದರು. ಅವರನ್ನು ಸಮಾಧಾನಪಡಿಸಿದವರಲ್ಲಿ ಮುಖ್ಯರು ವಾಸಿಲಿ ಅರ್ಖಿಪೊವ್. ಈ ಅರ್ಖಿಪೊವ್ ಹಿಂದಿನ ವರ್ಷ ಕೆ-19ರಲ್ಲಿ ಎರಡನೆಯ ಅಧಿಕಾರಿಯಾಗಿದ್ದವರು. ಬಿಟ್ಟ ಬೆಂಕಿಯನ್ನು ತಣಿಸಲು ಏನು ತೆರಬೇಕಾಗುತ್ತದೆಂದು ಅವರು ಕಣ್ಣಾರೆ ಕಂಡಿದ್ದರು. ಆ ದಿನ ಲೋಕವನ್ನು ಉಳಿಸಿದ್ದರಲ್ಲಿ ಎದುರಾಳಿಯ ಅಸ್ತ್ರದ ಭಯಕ್ಕಿಂತ ಈ ತಿಳಿವಳಿಕೆಯ ಪಾಲು ದೊಡ್ಡದೆಂದು ನಾನು ನಂಬುತ್ತೇನೆ.

ಗೀತೆಯ ಹೆಸರಿನಲ್ಲಿ ಬರುವ ಆಕ್ಷೇಪ ಇನ್ನೂ ಗಂಭೀರವಾದದ್ದು. ಸೈನಿಕನಿಗೆ ಸ್ವಧರ್ಮವಿದೆ, ಫಲ ಅವನದಲ್ಲ, ಟರ್ಬೈನ್ ನೋಡಿಕೊಳ್ಳುವವನು ಟರ್ಬೈನ್ ನೋಡಿಕೊಳ್ಳಲಿ ಎನ್ನುತ್ತಾರೆ. ಆದರೆ ಕುರುಕ್ಷೇತ್ರದಲ್ಲಿ ಎದುರು ನಿಂತವರೆಲ್ಲ ಶಸ್ತ್ರ ಹಿಡಿದು, ತಿಳಿದೇ ಬಂದವರು. ಸ್ವಧರ್ಮದ ಮಾತು ಅಲ್ಲಿಯದು. ಅದೇ ಕಥೆ ನಿದ್ದೆಯಲ್ಲಿದ್ದವರನ್ನು ಕೊಂದವನಿಗೆ, ಗರ್ಭದ ಮೇಲೆ ಅಸ್ತ್ರ ತಿರುಗಿಸಿದವನಿಗೆ ಸ್ವಧರ್ಮದ ರಕ್ಷೆ ಕೊಡದೆ ಮೂರು ಸಾವಿರ ವರ್ಷ ಅಲೆಯುವ ಶಾಪ ಕೊಡುತ್ತದೆ. ಕಾಯಕವನ್ನು ಎತ್ತಿಹಿಡಿದ ಶರಣರೂ ದುಡಿಮೆಯೊಂದೇ ಸಾಕೆನ್ನಲಿಲ್ಲ. ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಡದಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದ ಕಥೆ ನಮ್ಮಲ್ಲಿ ಮನೆಮಾತು. ಕೆಲಸ ಶುದ್ಧವಾಗಿದ್ದರೂ ಅದರ ಫಲದ ಅಳತೆಯನ್ನು ಆಕೆ ಕೇಳಿದಳು. ಹಾಗೆಂದು ರಿಯಾಕ್ಟರ್ ಕೋಣೆಯ ನಾವಿಕನನ್ನೂ ಆಜ್ಞೆ ಕೊಡುವವರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಹೊಣೆ ಮೇಲಕ್ಕೆ ಹೋದಷ್ಟೂ ಭಾರವಾಗುತ್ತದೆ, ನೀತಿ ಬರೆಯುವವರ ಬಳಿ ಅದು ಅತ್ಯಂತ ಭಾರ.

ಹಾಗಾದರೆ ಎಲ್ಲವನ್ನೂ ಎಸೆದು ಕೂರಬೇಕೆ, ಅರ್ಜುನ ತನ್ನ ಅಸ್ತ್ರ ಬಿಡದಿದ್ದರೆ ಪಾಂಡವರು ಸುಟ್ಟುಹೋಗುತ್ತಿರಲಿಲ್ಲವೆ ಎಂಬ ಪ್ರಶ್ನೆಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಅಸ್ತ್ರ ಧರಿಸಿದ್ದೇ ಅರ್ಜುನನ ತಪ್ಪೆಂದು ಕಾವ್ಯವೂ ಹೇಳುವುದಿಲ್ಲ. ಅಸ್ತ್ರಕ್ಕೇ ಹಿಂದೆಗೆಯುವ ಗುಣ ಇಲ್ಲದಿರುವಾಗ ಆ ಗುಣವನ್ನು ನೀತಿಯಲ್ಲಿ ಕಟ್ಟಿಕೊಳ್ಳಬೇಕು ಎಂಬುದಂತೂ ಸ್ಪಷ್ಟ. ಭಾರತ 2003ರ ಜನವರಿ 4ರಂದು ಪ್ರಕಟಿಸಿದ ಅಣುನೀತಿಯಲ್ಲಿ ಮೊದಲು ನಾವು ಬಳಸುವುದಿಲ್ಲ ಎಂಬ ಮಾತಿದೆ, ಅಪ್ಪಣೆ ನಾಗರಿಕ ರಾಜಕೀಯ ನಾಯಕತ್ವದಿಂದಲೇ ಬರಬೇಕೆಂಬ ಕಟ್ಟಳೆಯಿದೆ. ನೆಲದ ಮೇಲೆ ಸಿಡಿತಲೆಯನ್ನು ಕ್ಷಿಪಣಿಯಿಂದ ಬೇರೆಯಿಟ್ಟು ಆ ಸಂಯಮವನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಬಹುದು. ಗಸ್ತಿಗೆ ಹೊರಟ ಜಲಾಂತರ್ಗಾಮಿಯಲ್ಲಿ ಆ ಅಂತರ ಉಳಿಯುವುದು ಕಷ್ಟ, ಹಾಗಾಗಿ ಬರೆದ ಮಾತಿನ ಮೇಲೆ ಬೀಳುವ ಭಾರ ಇನ್ನೂ ಹೆಚ್ಚು. ಅದೇ ಪ್ರಕಟಣೆಯಲ್ಲಿ, ನಮ್ಮ ಮೇಲೆ ಅಣುದಾಳಿಯಾದರೆ ಪ್ರತೀಕಾರ ಭಾರಿಯಾಗಿರುತ್ತದೆ, ಶತ್ರು ತಾಳಲಾರದಷ್ಟು ಹಾನಿ ಮಾಡುವ ಉದ್ದೇಶದ್ದಾಗಿರುತ್ತದೆ ಎಂಬ ಸಾಲೂ ಇದೆ. ಮೊದಲ ಮಾತು ಅರ್ಜುನನದು. ಈ ಎರಡನೆಯ ಮಾತಿನಲ್ಲಿ ಅಸ್ತ್ರವನ್ನು ತಣಿಸುವ ಸಂಕಲ್ಪವಿಲ್ಲ, ಅಳತೆಯಿಲ್ಲ, ನಡುವೆ ಬಂದು ನಿಲ್ಲುವ ವ್ಯಾಸ ನಾರದರಿಗೆ ಜಾಗವೂ ಇಲ್ಲ. ದೇಶದ ರಕ್ಷಣೆಯನ್ನು ಎಳ್ಳಷ್ಟೂ ಸಡಿಲಿಸದೆ ಆ ಸಾಲನ್ನು ತಿದ್ದಬಹುದು, ದಾಳಿಯಾದ ಮೇಲೂ ಎಷ್ಟು ಹೊಡೆಯಬೇಕು, ಹೊಡೆಯಲೇಬೇಕೆ ಎಂಬುದನ್ನು ಬದುಕಿರುವ ಮನುಷ್ಯರ ತೀರ್ಮಾನಕ್ಕೆ ಬಿಡಬಹುದು. ಸಂಸತ್ತಿನಲ್ಲಿ ನಮ್ಮ ಪರವಾಗಿ ಕೂರುವವರನ್ನು ಇದರ ಬಗ್ಗೆ ಕೇಳುವ ಹಕ್ಕು ಕೋಲಾರದ ಮತದಾರನಿಗೂ ಇದೆ, ಕಾರವಾರದವನಿಗೂ ಇದೆ.