ಬಿರುದು ಯಾರದು, ಮನೆ ಯಾರದು?

ಸೂರತ್ತಿನ ವರಾಛಾದಲ್ಲಿ ಎತ್ತ ತಿರುಗಿದರೂ ಪಟೇಲರು. ವಜ್ರದ ಕೆಲಸಕ್ಕೆಂದು ಸೌರಾಷ್ಟ್ರದಿಂದ, ಮುಖ್ಯವಾಗಿ ಅಮ್ರೇಲಿ, ಭಾವನಗರದ ಕಡೆಯಿಂದ ಬಂದು ನೆಲೆಸಿದವರು. ನಮ್ಮಲ್ಲಿ ಪಟೇಲರೆಂದರೆ ಊರಿನ ಯಜಮಾನಿಕೆಯ ಹುದ್ದೆ. ಇಲ್ಲಿ ಅದು ಅಡ್ಡಹೆಸರು. ಹುದ್ದೆ ಹೋದ ಮೇಲೂ ಹೆಸರು ಉಳಿಯುತ್ತದೆ. ಹಾಗೆ ಉಳಿದ ಹೆಸರಿಗೆ ನಾವು ಕೈಮುಗಿಯಬೇಕೆ?

ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ದೂರದ ವಡೋದರಾದ ಗಾಯಕವಾಡರನ್ನೇ ನೋಡಿ. ‘ಸೇನಾ ಖಾಸ್ ಖೇಲ್’, ‘ಶಂಶೇರ್ ಬಹಾದ್ದೂರ್’ ಎಂಬ ಅವರ ಬಿರುದುಗಳು ಮರಾಠಾ ಸೈನ್ಯದ ಸೇವೆಯಿಂದ ಬಂದವು. 1875ರಲ್ಲಿ ಬ್ರಿಟಿಷರು ಮಲ್ಹಾರರಾಯರನ್ನು ಗಾದಿಯಿಂದ ಇಳಿಸಿದರು. ರಾಣಿ ಜಮನಾಬಾಯಿ ನಾಸಿಕದ ಕಡೆಯ ಕವಳಾಣೆ ಎಂಬ ಹಳ್ಳಿಯಿಂದ ಹುಡುಗನೊಬ್ಬನನ್ನು ದತ್ತು ತಂದರು. ಗೋಪಾಲನೆಂಬ ಆ ಹುಡುಗನೇ ಮೂರನೆಯ ಸಯಾಜಿರಾವ್. ಬಿರುದು ಅವರಿಗೆ ದತ್ತುಪತ್ರದಿಂದ ಬಂತು. ಹೆಸರು ಬಂದದ್ದು ಕೆಲಸದಿಂದ. 1890ರಲ್ಲಿ ಲಕ್ಷ್ಮೀವಿಲಾಸ ಅರಮನೆ ಮುಗಿಯಿತು. 1893ರಲ್ಲಿ ಅಮ್ರೇಲಿಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಶುರುವಾಗಿ, 1906ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿತು. 1908ರಲ್ಲಿ ಬ್ಯಾಂಕ್ ಆಫ್ ಬರೋಡಾ ಹುಟ್ಟಿತು.

ಬ್ಯಾಂಕಿನವನ ಚಾಳಿ, ಜಮಾ ಖರ್ಚು ಹಾಕದೆ ಇರಲಾರೆ. 1971ರ ಸಂವಿಧಾನ ತಿದ್ದುಪಡಿ ರಾಜಮನ್ನಣೆಯನ್ನೂ ರಾಜಧನವನ್ನೂ ತೆಗೆದುಹಾಕಿತು. ಅರಮನೆ ಕುಟುಂಬದ ಕೈಯಲ್ಲೇ ಉಳಿಯಿತು. ಬ್ಯಾಂಕು 1969ರಲ್ಲೇ ದೇಶದ್ದಾಗಿತ್ತು. 2019ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕೂ ಅದರೊಳಗೆ ಸೇರಿಹೋಯಿತು. ಅಂದು ಅಮ್ರೇಲಿಯ ಮಕ್ಕಳು ಕಲಿತ ಅಕ್ಷರಕ್ಕಂತೂ ವಾರಸುದಾರರ ಸಹಿ ಬೇಕಿರಲಿಲ್ಲ. ಅರಮನೆಗೂ ಶಾಲೆಗೂ ಖರ್ಚಾದದ್ದು ರೈತರ ಕಂದಾಯವೇ. ಒಂದು ಮನೆತನದ ಆಸ್ತಿಯಾಯಿತು, ಇನ್ನೊಂದು ಎಲ್ಲರದಾಯಿತು. ನನ್ನ ಗೌರವ ಎರಡನೆಯದಕ್ಕೆ.

ಈ ಲೆಕ್ಕ ನನಗೆ ಬರೀ ತರ್ಕವಲ್ಲ. ಊರಲ್ಲಿ ನಮ್ಮದನ್ನು ಇವತ್ತಿಗೂ ‘ಶಾನುಭೋಗರ ಮನೆ’ ಅಂತಾರೆ. ವಂಶದ ಆ ಹುದ್ದೆಯನ್ನು 1961ರ ಕಾಯ್ದೆ ಕಿತ್ತುಹಾಕಿತು. ಮನೆಗೆ ಬೀಗ ಬಿದ್ದಿದೆ. ಮಾರೋಣ ಅಂತಾನೆ ತಮ್ಮ. ಹೆಸರು ಹೋಗುತ್ತೆ ಅಂತಾಳೆ ಅಕ್ಕ. ದೂರದಲ್ಲಿರುವವನಿಗೆ ಊರಿನ ಗೋಡೆಗಳ ಮೇಲೆ ಮೋಹ ಹೆಚ್ಚು, ಅವುಗಳ ರಿಪೇರಿ ಖರ್ಚು ಕಣ್ಣಿಗೆ ಬೀಳುವುದಿಲ್ಲ. ಆದರೂ ಹೇಳುತ್ತೇನೆ: ಹೆಸರು ಗೋಡೆಯಲ್ಲಿಲ್ಲ. ಶಾನುಭೋಗರು ಊರವರ ಜಮೀನಿನ ಲೆಕ್ಕ ಬರೆದವರು. ಆ ಮನೆಯ ಪಡಸಾಲೆಯಲ್ಲಿ ಊರಿನ ಮಕ್ಕಳು ಕೂತು ಓದುವಂತಾದರೆ ಹೆಸರಿಗೆ ಮತ್ತೆ ಕೆಲಸ ಸಿಕ್ಕೀತು. ತಮ್ಮ ಇನ್ನೂ ಒಪ್ಪಿಲ್ಲ. ಅವನಿಗೆ ಮಗಳ ಓದಿಗೆ ಹಣ ಬೇಕು. ಅದೂ ಓದೇ ತಾನೆ?