ಬಿಸಿಲು ಅರಸಿ ಹೊರಟ ಹಡಗು

1891ರ ಜನವರಿ 22ರಂದು ಜರ್ಮನಿಯ ಕುಕ್ಸ್‌ಹಾಫೆನ್ ಬಂದರಿನಿಂದ ಆಗಸ್ಟಾ ವಿಕ್ಟೋರಿಯಾ ಎಂಬ ಹಡಗು ದಕ್ಷಿಣದ ಕಡೆಗೆ ಹೊರಟಿತು. ಹಡಗಿನಲ್ಲಿ 241 ಪ್ರಯಾಣಿಕರಿದ್ದರು. ವ್ಯಾಪಾರದ ಕೆಲಸವಾಗಲಿ, ಹೊಸ ನೆಲದಲ್ಲಿ ನೆಲೆಸುವ ಉದ್ದೇಶವಾಗಲಿ ಅವರಿಗಿರಲಿಲ್ಲ. ಚಳಿಯನ್ನು ಹಿಂದೆ ಬಿಟ್ಟು ಒಂದಷ್ಟು ದಿನ ಬಿಸಿಲಿನಲ್ಲಿರಬೇಕು, ಅಷ್ಟಕ್ಕೇ ಅವರು ಹಣ ತೆತ್ತಿದ್ದರು. ಜಿಬ್ರಾಲ್ಟರ್, ಜಿನೋವಾ, ಅಲೆಕ್ಸಾಂಡ್ರಿಯಾ, ಬೈರೂತ್, ಕಾನ್‌ಸ್ಟಾಂಟಿನೋಪಲ್, ಅಥೆನ್ಸ್, ಮಾಲ್ಟಾ, ಲಿಸ್ಬನ್ ಎಂದು ಸುಮಾರು ಎರಡು ತಿಂಗಳು ಸುತ್ತಿ ಮರಳಿ ಬಂದರು. ಇಂದು ನಾವು ಕ್ರೂಸ್ ಎನ್ನುವ ವಿಹಾರಯಾನದ ಚರಿತ್ರೆ ಬರೆಯುವವರಲ್ಲಿ ಅನೇಕರು ಈ ಹಡಗಿನಿಂದಲೇ ಶುರುಮಾಡುತ್ತಾರೆ.

ಇದರ ಹಿಂದಿದ್ದವರು ಹ್ಯಾಂಬರ್ಗ್‌ನ ಆಲ್ಬರ್ಟ್ ಬಾಲಿನ್. ಅವರ ಕಂಪನಿಯ ಹಡಗುಗಳು ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿಗೆ ಜನರನ್ನು ಸಾಗಿಸುತ್ತಿದ್ದವು. ಚಳಿಗಾಲದಲ್ಲಿ ಸಾಗರ ಒರಟಾಗುತ್ತದೆ, ಪ್ರಯಾಣಿಕರು ಕಡಿಮೆಯಾಗುತ್ತಾರೆ. ದೊಡ್ಡ ಹಡಗುಗಳು ಬಂದರಿನಲ್ಲಿ ಸುಮ್ಮನೆ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ, ದುರಸ್ತಿಯ ಖರ್ಚು ತಪ್ಪುವುದಿಲ್ಲ. ನಿಂತ ಹಡಗನ್ನು ಬಿಸಿಲಿನ ನಾಡಿಗೆ ಕಳಿಸಿದರೇನು ಎಂದು ಬಾಲಿನ್ ಯೋಚಿಸಿದರು. ಜೊತೆಯವರು ಇದನ್ನು ಹುಚ್ಚು ಎಂದುಕೊಂಡರು. ಬಾಲಿನ್ ತಾವೂ ಆ ಮೊದಲ ಯಾನದಲ್ಲಿ ಹೋಗಿಬಂದರು. ಲೆಕ್ಕದ ಪುಸ್ತಕದಿಂದ ಹುಟ್ಟಿದ ಯೋಚನೆಯೇ ಆದರೂ ಅದನ್ನು ನಾನು ಕಡೆಗಣಿಸಲಾರೆ. ಎಲ್ಲರೂ ಸತ್ತ ಕಾಲವೆಂದು ಕೈಬಿಟ್ಟ ತಿಂಗಳುಗಳಲ್ಲಿ ಜೀವ ಕಂಡ ಮನುಷ್ಯ ಅವರು.

ಬಿಸಿಲಿನ ಬಯಕೆಯೂ ಸಣ್ಣದಲ್ಲ. ಹ್ಯಾಂಬರ್ಗ್‌ನಲ್ಲಿ ಜನವರಿಯ ಸೂರ್ಯ ಮೂಡುವುದು ಬೆಳಗ್ಗೆ ಎಂಟೂವರೆಯ ಹೊತ್ತಿಗೆ, ಮುಳುಗುವುದು ಸಂಜೆ ನಾಲ್ಕೂವರೆಗೆ. ನಡುವಿನ ಆ ಎಂಟು ಗಂಟೆಯಲ್ಲೂ ಎಷ್ಟೋ ದಿನ ಮೋಡ ಸರಿಯುವುದಿಲ್ಲ. ಬಿಸಿಲನ್ನು ಕೊಡೆ ಹಿಡಿದು ತಡೆಯುವ ನಾಡಿನವರಾದ ನಮಗೆ ಈ ಹಸಿವು ಒಮ್ಮೆಗೇ ಅರ್ಥವಾಗುವುದು ಕಷ್ಟ. ಚಳಿದೇಶದಲ್ಲಿ ನೆಲೆಸಿದ ಕನ್ನಡಿಗರನ್ನು ಕೇಳಿ ನೋಡಿ. ಫೆಬ್ರುವರಿಯಲ್ಲಿ ಕಿಟಕಿಯಿಂದ ಒಳಬಿದ್ದ ಒಂದು ತುಂಡು ಬಿಸಿಲಿನಲ್ಲಿ ಕುರ್ಚಿ ಎಳೆದುಕೊಂಡು ಕೂರುವ ಸುಖವನ್ನು ಅವರು ಹೇಳುತ್ತಾರೆ. ಆದ್ದರಿಂದ ಉತ್ತರದ ಬಂದರಿನಿಂದ ಬೆಚ್ಚನೆಯ ಕಡಲಿಗೆ ಹೊರಟವರನ್ನು ಭೋಗಿಗಳೆಂದು ಜರೆಯಲು ನನಗೆ ಮನಸ್ಸಿಲ್ಲ.

ನನ್ನನ್ನು ಕಾಡುವುದು ಅದೇ ಹಡಗಿನ ಇನ್ನೊಂದು ಬದುಕು.

ಬಾಲಿನ್ ಅವರ ತಂದೆ ವಲಸೆ ಹೋಗುವವರಿಗೆ ಟಿಕೆಟ್ ಮಾರುವ ಸಂಸ್ಥೆಯ ಪಾಲುದಾರರು. ಮಗ ಬೆಳೆದದ್ದೂ ಗೆದ್ದದ್ದೂ ಆ ವ್ಯವಹಾರದಲ್ಲೇ. ರಷ್ಯಾ, ಆಸ್ಟ್ರಿಯಾ-ಹಂಗೇರಿಗಳಿಂದ ಗಂಟುಮೂಟೆ ಹೊತ್ತು ಬಂದ ಬಡವರು ಹಡಗಿನ ಕೆಳ ಅಂತಸ್ತಿನಲ್ಲಿ ಒತ್ತೊತ್ತಾಗಿ ಮಲಗಿ ಅಮೆರಿಕಕ್ಕೆ ಹೋಗುತ್ತಿದ್ದರು. ಮೇಲಂತಸ್ತಿನ ವೈಭವಕ್ಕೆ ಇವರ ಟಿಕೆಟ್ಟಿನ ಹಣವೂ ಸೇರಿತ್ತು. ಯಾನದ ಮರುವರ್ಷ, 1892ರಲ್ಲಿ, ಹ್ಯಾಂಬರ್ಗ್‌ಗೆ ಕಾಲರಾ ಬಂತು. ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ರೋಗ ತಂದವರು ವಲಸಿಗರೇ ಎಂದು ಬೆರಳು ತೋರಿಸಲಾಯಿತು. ಅದು ಊರಿಗೆ ಹಬ್ಬಿದ್ದು ಎಲ್ಬೆ ನದಿಯ ನೀರನ್ನು ಸೋಸದೆ ನಲ್ಲಿಗಳಿಗೆ ಬಿಟ್ಟಿದ್ದರಿಂದ. ಪಕ್ಕದ ಆಲ್ಟೋನಾದವರೂ ಅದೇ ನದಿಯ ನೀರು ಕುಡಿಯುತ್ತಿದ್ದರು, ಆದರೆ ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದರು. ಅಲ್ಲಿ ಸಾವು ಬಹಳ ಕಡಿಮೆ. ಪರೀಕ್ಷಿಸಲು ಬಂದ ರೋಗಾಣು ವಿಜ್ಞಾನಿ ರಾಬರ್ಟ್ ಕೋಖ್ ಅವರಿಗೆ ಈ ವ್ಯತ್ಯಾಸವೇ ದೊಡ್ಡ ಸಾಕ್ಷಿಯಾಯಿತು. ದುಡ್ಡಿದ್ದ ನಗರವೊಂದು ಸೋಸುವ ಖರ್ಚನ್ನು ವರ್ಷಗಟ್ಟಲೆ ಮುಂದೂಡಿತು, ಅಪವಾದವನ್ನು ನಿಲ್ಲಲು ನೆಲೆಯಿಲ್ಲದವರ ತಲೆಗೆ ಕಟ್ಟಿತು.

ವಿಹಾರದ ಹಡಗಿಗೂ ಕೆಳ ಅಂತಸ್ತು ಇದ್ದೇ ಇತ್ತು. ಮೇಲೆ ಹೊದಿಕೆ ಹೊದ್ದು ಆರಾಮಕುರ್ಚಿಯಲ್ಲಿ ಕಡಲು ನೋಡುವವರು. ತಳದಲ್ಲಿ ಬಾಯ್ಲರಿನ ಬೆಂಕಿಗೆ ಕಲ್ಲಿದ್ದಲು ಎರಚುವವರು, ಉರಿಯಲ್ಲಿ ಬೆಂದು ಬೆವರುವವರು. ಕಲ್ಲಿದ್ದಲು ಹೋಗಿ ಎಣ್ಣೆ ಬಂತು, ಹಡಗುಗಳು ಊರಿನಷ್ಟು ದೊಡ್ಡವಾದವು. ಮೇಲು-ಕೆಳಗಿನ ಈ ಏರ್ಪಾಡು ಮಾತ್ರ ಉಳಿಯಿತು. ಪ್ರಯಾಣಿಕರ ಕಣ್ಣಿಗೆ ಬೀಳದ ಮೆಟ್ಟಿಲು, ಕಾರಿಡಾರು, ಊಟದ ಕೋಣೆ, ಕಿಟಕಿಯಿಲ್ಲದ ಕ್ಯಾಬಿನ್ನು ದುಡಿಯುವವರಿಗೇ ಬೇರೆ.

2020ರ ಜನವರಿ 20ರಂದು ಜಪಾನಿನ ಯೊಕೊಹಾಮಾದಿಂದ ಡೈಮಂಡ್ ಪ್ರಿನ್ಸೆಸ್ ಹೊರಟದ್ದೂ ಇಂಥದೇ ಚಳಿಗಾಲದ ಯಾನಕ್ಕೆ. ಹಾಂಗ್‌ಕಾಂಗ್, ವಿಯೆಟ್ನಾಂ, ತೈವಾನ್ ಮುಟ್ಟಿ ಮರಳುವಷ್ಟರಲ್ಲಿ ಹಡಗಿನೊಳಗೆ ಕೊರೊನಾ ಸೇರಿತ್ತು. 3,711 ಜನರನ್ನು ಹೊತ್ತ ಹಡಗನ್ನು ದಡದಲ್ಲೇ ತಡೆಹಿಡಿದರು. ಪ್ರಯಾಣಿಕರು ತಮ್ಮ ತಮ್ಮ ಕ್ಯಾಬಿನ್ನಿನಿಂದ ಹೊರಬರಬಾರದೆಂದು ಕಟ್ಟಪ್ಪಣೆಯಾಯಿತು. ಆದರೆ ಅಡುಗೆ ಮಾಡಬೇಕಲ್ಲ, ಬಾಗಿಲು ಬಾಗಿಲಿಗೆ ಊಟ ಒಯ್ಯಬೇಕಲ್ಲ? ಸಿಬ್ಬಂದಿ ಆ ಕೆಲಸ ಮಾಡಿದರು, ರಾತ್ರಿ ಹಂಚಿಕೊಂಡ ಕೋಣೆಗಳಲ್ಲೇ ಮಲಗಿದರು. ಒಟ್ಟು 712 ಮಂದಿಗೆ ಸೋಂಕು ತಗುಲಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ, ಆರೇ ಮಂದಿ ಪ್ರಯಾಣಿಕರು. ಹಡಗಿನಲ್ಲಿ ನಮ್ಮವರ ಜಾಗ ಯಾವುದೆಂದು ಈ ಎರಡು ಅಂಕಿಗಳೇ ಹೇಳುತ್ತವೆ. ಕಾರವಾರದ ಯುವಕನೊಬ್ಬನೂ ಅಲ್ಲಿದ್ದ.

ಮಂಗಳೂರು, ಉಡುಪಿ, ಕಾರವಾರಗಳ ಎಷ್ಟೋ ಮಕ್ಕಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗು ಹತ್ತುತ್ತಾರೆ. ಕೆಲಸದ ಕರಾರು ತಿಂಗಳುಗಟ್ಟಲೆಯದು. ತಂಗಿಯ ಮದುವೆ, ಅಜ್ಜಿಯ ಸಾವು, ಮಗುವಿನ ಮೊದಲ ಹೆಜ್ಜೆ ಎಲ್ಲವೂ ಫೋನಿನ ಪರದೆಯಲ್ಲೇ ಆಗಿಹೋಗುತ್ತವೆ. ಆ ಸಂಬಳದಿಂದ ಊರಲ್ಲಿ ಮನೆ ಎದ್ದಿದೆ, ತಮ್ಮಂದಿರ ಓದು ನಡೆದಿದೆ. ಅದು ಅವರು ತಾವೇ ಆರಿಸಿಕೊಂಡ ದುಡಿಮೆ. ಅದಕ್ಕೆ ಕನಿಕರ ತೋರಿಸುವುದು ಅವರನ್ನು ಕಿರಿದು ಮಾಡಿದಂತೆ. ಅವರಿಗೆ ಸಲ್ಲಬೇಕಾದದ್ದು ಗೌರವ ಮತ್ತು ನ್ಯಾಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2006ರ ಕಡಲ ಕಾರ್ಮಿಕರ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಭಾರತ 2015ರಲ್ಲಿ ಅದಕ್ಕೆ ಸೇರಿತು. ವಿಶ್ರಾಂತಿಯನ್ನು ಲೆಕ್ಕ ಹಿಡಿಯುವ ಕಡೆ, ದಿನಕ್ಕೆ ಕನಿಷ್ಠ ಹತ್ತು ಗಂಟೆ, ವಾರಕ್ಕೆ 77 ಗಂಟೆ ಕೊಡಲೇಬೇಕೆಂದು ಅದು ಹೇಳುತ್ತದೆ. ವಾರಕ್ಕಿರುವುದು 168 ಗಂಟೆ. ಮಿಕ್ಕ 91 ಗಂಟೆ ದುಡಿಸಿದರೂ ಆ ನಿಯಮ ಮುರಿಯುವುದಿಲ್ಲ ಎಂಬುದನ್ನು ಓದಿದಾಗ ನನಗೆ ಸಂಕಟವಾಯಿತು.

ಈಗ ನಮ್ಮವರೂ ಮೇಲಂತಸ್ತಿನ ಪ್ರಯಾಣಿಕರಾಗಿ ಹೋಗತೊಡಗಿದ್ದಾರೆ. ವಿದೇಶದಲ್ಲಿರುವ ಮಗನೋ ಮಗಳೋ ತಂದೆತಾಯಿಯನ್ನು ಕರೆಸಿಕೊಂಡು, ಹಿಮ ಸುರಿಯುವ ಬಂದರಿನಿಂದ ಬೆಚ್ಚನೆಯ ದ್ವೀಪಗಳಿಗೆ ಕರೆದೊಯ್ಯುತ್ತಾರೆ. ಖಂಡಿತ ಹೋಗಿಬನ್ನಿ. ದುಡಿದು ಸವೆದ ಮೈಗೆ ಆ ಬಿಸಿಲು ಸಲ್ಲಬೇಕಾದದ್ದೇ. ಹಾಸಿಗೆ ಸರಿಮಾಡಲು ಬರುವ ಹುಡುಗನ ಅಂಗಿಯ ಮೇಲೆ ಅವನ ಹೆಸರು ಬರೆದಿರುತ್ತದೆ. ಹೆಸರು ಹಿಡಿದು ಮಾತಾಡಿಸಿ, ಊರು ಯಾವುದೆಂದು ಕೇಳಿ, ಅವನ ಪಾಲಿನ ಟಿಪ್ಸಿನಲ್ಲಿ ಚೌಕಾಸಿ ಮಾಡಬೇಡಿ. ಟಿಕೆಟ್ ಕೊಳ್ಳುವ ಮೊದಲೇ ಆ ಕಂಪನಿ ತನ್ನ ಸಿಬ್ಬಂದಿಗೆ ಎಷ್ಟು ವಿಶ್ರಾಂತಿ ಕೊಡುತ್ತದೆ, ಕಾಯಿಲೆ ಬಿದ್ದರೆ ಏನು ಮಾಡುತ್ತದೆ ಎಂದು ಪತ್ರ ಬರೆದು ಕೇಳಿ. ಹಣ ಕೊಡುವವರು ಕೇಳಿದಾಗ ಕಂಪನಿಗಳು ಉತ್ತರ ಹುಡುಕಲೇಬೇಕಾಗುತ್ತದೆ.